ಹಳೆಯ ಕಾರು: ಬದಲಿಸಬೇಕಾದ್ದು ಯಾವುದು, ಉಳಿಸಬೇಕಾದ್ದು ಯಾವುದು?



ನಿಮ್ಮ ಊರಿನ ಯಾವುದೋ ಬೀದಿಯಲ್ಲಿ, ಹೊಂಗೆಮರದ ಕೆಳಗೋ ಹಳೆಯ ಮನೆಯ ಶೆಡ್ಡಿನಲ್ಲೋ ಒಂದು ಕಾರು ನಿಂತಿರಬಹುದು. ಟೈರುಗಳಲ್ಲಿ ಗಾಳಿ ಇಲ್ಲ. ಬಾನೆಟ್ಟಿನ ಮೇಲೆ ಒಣಗಿದ ಎಲೆಗಳ ರಾಶಿ. ಸೀಟಿನ ಕೆಳಗೆ ಇಲಿಯ ಗೂಡು. ಅದನ್ನು ನೋಡಿದವರಲ್ಲಿ ಕೆಲವರು ‘ಇದನ್ನು ಗುಜರಿಗೆ ಹಾಕಬಾರದೇ?’ ಎನ್ನುತ್ತಾರೆ. ಮತ್ತೆ ಕೆಲವರು ‘ಇದನ್ನು ರಿಪೇರಿ ಮಾಡಿಸಿ, ಬಣ್ಣ ಹೊಡೆಸಿದರೆ ಎಷ್ಟು ಚೆನ್ನಾಗಿರುತ್ತದೆ!’ ಎನ್ನುತ್ತಾರೆ. ಈ ಎರಡನೆಯ ಗುಂಪಿನವರಿಗಾಗಿ ಇಂದಿನ ಮಾತು. ಏಕೆಂದರೆ ಹಳೆಯ ಕಾರುಗಳಿಗೆ ಗುಜರಿಯವರಿಂದ ಆಗುವಷ್ಟೇ ಹಾನಿ ಕೆಲವೊಮ್ಮೆ ಪ್ರೀತಿಯಿಂದ ರಿಪೇರಿ ಮಾಡುವವರಿಂದಲೂ ಆಗುತ್ತದೆ. ಹಾಗೆ ಹಾನಿ ಮಾಡಿದವರಲ್ಲಿ ನಾನೂ ಒಬ್ಬ. ಆ ಕಥೆಯನ್ನು ಮುಂದೆ ಹೇಳುತ್ತೇನೆ.

ಹಳೆಯ ಕಾರುಗಳನ್ನು ದುರಸ್ತಿ ಮಾಡಿ ಕಾಪಾಡುವುದು ಕೇವಲ ಶ್ರೀಮಂತರ ಹವ್ಯಾಸ ಎಂಬ ಭಾವನೆ ಉಂಟು. ರಾಜಮಹಾರಾಜರ ರೋಲ್ಸ್ ರಾಯ್ಸ್‌ಗಳ ಮಟ್ಟಿಗೆ ಇದು ನಿಜವೂ ಹೌದು. ಆದರೆ ಫಿಯೆಟ್, ಅಂಬಾಸಡರ್, ಸ್ಟ್ಯಾಂಡರ್ಡ್ ಹೆರಾಲ್ಡ್‌ನಂತಹ ಸಾಮಾನ್ಯ ಕಾರುಗಳನ್ನು ಭಾನುವಾರದ ಬಿಡುವಿನಲ್ಲಿ, ಕೈಗೆ ಗ್ರೀಸ್ ಮೆತ್ತಿಕೊಂಡು ಸರಿಪಡಿಸುವ ಗುಮಾಸ್ತರು, ಮೇಷ್ಟ್ರುಗಳು, ಅಂಗಡಿಯವರು ನಮ್ಮಲ್ಲಿ ಇದ್ದಾರೆ. ನಿಮ್ಮ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಪಠ್ಯಪುಸ್ತಕದ ಅರ್ಧದಷ್ಟು ಪಾಠಗಳು ಒಂದು ಹಳೆಯ ಕಾರಿನೊಳಗೆ ಸಿಗುತ್ತವೆ ಎಂಬುದೇ ಈ ಹವ್ಯಾಸದ ಸೊಗಸು.

ವಿಂಟೇಜ್ ಎಂದರೇನು?

ಹಳೆಯದೆಲ್ಲವೂ ‘ವಿಂಟೇಜ್’ ಅಲ್ಲ. ಇಂಗ್ಲೆಂಡಿನ ಹವ್ಯಾಸಿಗಳು 1904ರವರೆಗಿನ ಕಾರುಗಳನ್ನು ‘ವೆಟರನ್’ ಎಂದೂ, 1919ರಿಂದ 1930ರವರೆಗಿನವನ್ನು ‘ವಿಂಟೇಜ್’ ಎಂದೂ ಕರೆಯುವ ರೂಢಿ ಇಟ್ಟುಕೊಂಡಿದ್ದಾರೆ. ಅದಕ್ಕಿಂತ ಈಚಿನ, ಆದರೆ ತಯಾರಿಕೆ ನಿಂತುಹೋಗಿ ಗೌರವ ಗಳಿಸಿರುವ ಕಾರುಗಳನ್ನು ಸಾಮಾನ್ಯವಾಗಿ ‘ಕ್ಲಾಸಿಕ್’ ಎನ್ನುತ್ತಾರೆ.

ನಮ್ಮ ದೇಶದ ಕಾನೂನು ಇನ್ನೊಂದು ಅಳತೆಗೋಲನ್ನು ಕೊಟ್ಟಿದೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪವನ್ನು ಉಳಿಸಿಕೊಂಡಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಇವುಗಳ ನಂಬರ್ ಪ್ಲೇಟಿನಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಇಂತಹ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದ ಸಂದರ್ಭಗಳಲ್ಲಿ ಮಾತ್ರ ರಸ್ತೆಗೆ ತರಬಹುದು. ಇಲ್ಲಿ ‘ಮೂಲರೂಪ’ ಎಂಬ ಪದವನ್ನು ನೆನಪಿನಲ್ಲಿಡಿ. ಚಾಸಿಸ್, ಬಾಡಿ, ಎಂಜಿನ್ನುಗಳನ್ನು ಗಣನೀಯವಾಗಿ ಬದಲಿಸಿದ ಕಾರಿಗೆ ಈ ಮನ್ನಣೆ ಇಲ್ಲ. ಅಂದರೆ ಕಾನೂನು ಕೂಡ ಕೇಳುವುದು ‘ಕಾರು ಎಷ್ಟು ಹೊಳೆಯುತ್ತಿದೆ?’ ಎಂದಲ್ಲ, ‘ಅದು ತಾನಾಗಿಯೇ ಉಳಿದಿದೆಯೇ?’ ಎಂದು.

ಒಂದು ಫಿಯೆಟ್ಟಿನ ಕಥೆ

ನನ್ನ ಮಾತಿಗೆ ಉದಾಹರಣೆಯಾಗಿ ಫಿಯೆಟ್ 1100 ಕಾರನ್ನು ತೆಗೆದುಕೊಳ್ಳುತ್ತೇನೆ. ಇಟಲಿಯಲ್ಲಿ 1953ರಲ್ಲಿ ಹೊರಬಂದ ಈ ಮಾದರಿಯನ್ನು ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ನಮ್ಮ ದೇಶದಲ್ಲಿ ತಯಾರಿಸಿತು. 1960ರ ದಶಕದ ನಡುವಿನಲ್ಲಿ ಬಂದದ್ದು ‘1100 ಡಿಲೈಟ್’. ಅದೇ ಕಾರು 1970ರ ದಶಕದಲ್ಲಿ ‘ಪ್ರೀಮಿಯರ್ ಪದ್ಮಿನಿ’ ಎಂಬ ಹೆಸರು ಪಡೆಯಿತು. 1089 ಸಿಸಿ ಸಾಮರ್ಥ್ಯದ ನಾಲ್ಕು ಸಿಲಿಂಡರಿನ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ, ಹಿಂದಿನ ಚಕ್ರಗಳಿಗೆ ಶಕ್ತಿ. ಇಷ್ಟೇ ಸರಳ ಯಂತ್ರ. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳಾಗಿ ದಶಕಗಳ ಕಾಲ ಓಡಿದ ಪದ್ಮಿನಿಗಳು 2023ರ ಅಕ್ಟೋಬರಿನಲ್ಲಿ ಆ ಊರಿನ ಟ್ಯಾಕ್ಸಿ ಸೇವೆಯಿಂದ ನಿವೃತ್ತವಾದವು.

ನಮ್ಮ ತಂದೆಯವರ ಬಳಿ 1970ರ ಒಂದು ಡಿಲೈಟ್ ಇತ್ತು. ತಿಳಿ ಬೂದುಬಣ್ಣದ ಕಾರು. 1983ರಲ್ಲಿ ಅವರು ಅದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡರು. ಅಚ್ಚುಕಟ್ಟಿನ ಮನುಷ್ಯ. ಪ್ರತಿ ಸಲ ಎಂಜಿನ್ ಆಯಿಲ್ ಬದಲಿಸಿದಾಗಲೂ ಡಿಕ್ಕಿ ಮುಚ್ಚಳದ ಒಳಬದಿಯಲ್ಲಿ ಸಣ್ಣ ಬ್ರಷ್ಷಿನಿಂದ ಬಿಳಿ ಬಣ್ಣದಲ್ಲಿ ತಾರೀಖನ್ನೂ ಕಿಲೋಮೀಟರನ್ನೂ ಬರೆದಿಡುತ್ತಿದ್ದರು. 1999ರಲ್ಲಿ ಕಾರು ನಿಂತಿತು. 2006ರಲ್ಲಿ, ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ್ದ ಉತ್ಸಾಹದಲ್ಲಿ, ಅದನ್ನು ‘ಹೊಸದು ಮಾಡಿ’ ಅವರಿಗೆ ತೋರಿಸಬೇಕೆಂದು ಹೊರಟೆ.

ಏನೇನು ಮಾಡಿದೆ ಗೊತ್ತೇ? ಬೂದುಬಣ್ಣವನ್ನು ಪೂರ್ತಿ ಕೆರೆಸಿ ಕೆಂಪು ಬಣ್ಣ ಹೊಡೆಸಿದೆ. ಸೀಟಿನ ಹಳೆಯ ರೆಕ್ಸಿನ್ ಕಿತ್ತು ಎಸೆದು ಹೊಸದು ಹಾಕಿಸಿದೆ. ಮಸುಕಾಗಿದ್ದ ಮೀಟರನ್ನು ತೆಗೆಸಿ ಬೇರೆಯದನ್ನು ಕೂರಿಸಿದೆ. ಬಣ್ಣದ ಕೆಲಸದವರು ಹೇಳಿದಂತೆಯೇ ಮಾಡಿದರು. ಡಿಕ್ಕಿ ಮುಚ್ಚಳದ ಒಳಬದಿಯನ್ನೂ ಉಜ್ಜಿ ಕೆಂಪು ಮಾಡಿದರು. ಹದಿನಾರು ವರ್ಷಗಳ ಅಪ್ಪನ ಬರಹ ಒಂದು ಮಧ್ಯಾಹ್ನದಲ್ಲಿ ಧೂಳಾಗಿ ಹೋಯಿತು. ಒಂದು ಫೋಟೊ ಕೂಡ ತೆಗೆದಿಟ್ಟಿರಲಿಲ್ಲ.

ಇನ್ನು ಬ್ರೇಕು? ಪೆಡಲು ಒತ್ತಿ ನೋಡಿದೆ, ಗಟ್ಟಿಯಾಗಿತ್ತು. ‘ಸರಿಯಾಗಿಯೇ ಇದೆಯಲ್ಲ’ ಎಂದು ಬಿಟ್ಟೆ.

ಒಂದು ಭಾನುವಾರ ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿಕೊಂಡು ನಂದಿಬೆಟ್ಟಕ್ಕೆ ಹೋದೆವು. ಹತ್ತುವಾಗ ತೊಂದರೆ ಇರಲಿಲ್ಲ. ಇಳಿಯುವಾಗ ಟಾಪ್ ಗೇರಿನಲ್ಲೇ ಬಂದೆ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬಂದೆ. ಅರ್ಧ ದಾರಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಪೆಡಲು ನೆಲಕ್ಕೆ ಕುಸಿಯಿತು. ಕಾರು ನಿಲ್ಲಲಿಲ್ಲ. ಪೆಡಲನ್ನು ಪದೇಪದೇ ಒತ್ತಿದೆ, ಕೆಳಗಿನ ಗೇರಿಗೆ ತಂದೆ, ಹ್ಯಾಂಡ್ ಬ್ರೇಕ್ ಎಳೆದೆ. ಕೊನೆಗೆ ಬೆಟ್ಟದ ಬದಿಯ ದಿಬ್ಬಕ್ಕೆ ಎಡಮಗ್ಗುಲನ್ನು ಉಜ್ಜಿಸಿ ಕಾರನ್ನು ನಿಲ್ಲಿಸಬೇಕಾಯಿತು. ಯಾರಿಗೂ ಪೆಟ್ಟಾಗಲಿಲ್ಲ. ಅಮ್ಮ ಕಣ್ಣು ಮುಚ್ಚಿಕೊಂಡು ಕುಳಿತಿದ್ದರು. ಅಪ್ಪ ಇಳಿದು, ಕಾರಿನ ಸುತ್ತ ಒಂದು ಸುತ್ತು ಬಂದು ಹೇಳಿದರು: “ಬಣ್ಣ ಚೆನ್ನಾಗಿದೆ ಕಣೋ. ನಿಲ್ಲೋದೊಂದು ಕಲಿಸಬೇಕಾಗಿತ್ತು.”

ವಿಚಿತ್ರವೆಂದರೆ, ಮುಕ್ಕಾಲು ಗಂಟೆ ಕಾದ ಮೇಲೆ ಪೆಡಲು ಮತ್ತೆ ಮೊದಲಿನಷ್ಟೇ ಗಟ್ಟಿಯಾಗಿತ್ತು! ಏಕೆ? ಉತ್ತರ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ.

ಕುದಿಯುವ ಬ್ರೇಕ್ ಆಯಿಲ್

ಪಾಸ್ಕಲನ ನಿಯಮ ನಿಮಗೆ ಗೊತ್ತು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಕಾಲು ಪೆಡಲನ್ನು ಒತ್ತಿದಾಗ ಆ ಒತ್ತಡವು ಕೊಳವೆಗಳಲ್ಲಿರುವ ದ್ರವದ ಮೂಲಕ ನಾಲ್ಕು ಚಕ್ರಗಳಿಗೂ ತಲುಪಿ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ದ್ರವವನ್ನು ಹಿಂಡಿ ಕುಗ್ಗಿಸುವುದು ಸುಲಭವಲ್ಲವಾದ್ದರಿಂದಲೇ ಈ ವ್ಯವಸ್ಥೆ ಕೆಲಸ ಮಾಡುತ್ತದೆ.

ಬ್ರೇಕ್ ಆಯಿಲ್ ಎಂದು ನಾವು ಕರೆದರೂ ಅದು ಎಣ್ಣೆಯಲ್ಲ. ಸಾಮಾನ್ಯವಾಗಿ ಬಳಸುವುದು ಗ್ಲೈಕಾಲ್ ಜಾತಿಯ ದ್ರವ. ಅದು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ‘ಡಾಟ್ 3’ ದರ್ಜೆಯ ಹೊಸ ದ್ರವದ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದರಲ್ಲಿ ಸುಮಾರು ಶೇಕಡಾ 3.7ರಷ್ಟು ನೀರು ಸೇರಿದಾಗ, ಅದೇ ದರ್ಜೆಗೆ ನಿಗದಿಯಾದ ಕನಿಷ್ಠ ಮಿತಿ 140 ಡಿಗ್ರಿ. ನೂರಕ್ಕೆ ನಾಲ್ಕು ಪಾಲಿಗಿಂತ ಕಡಿಮೆ ನೀರು ಎಷ್ಟು ವ್ಯತ್ಯಾಸ ಮಾಡುತ್ತದೆ ನೋಡಿ.

ಏಳು ವರ್ಷ ನಿಂತ ಕಾರಿನ ದ್ರವ ಎಷ್ಟು ನೀರು ಕುಡಿದಿತ್ತೋ! ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಹಿಡಿದಂತೆಲ್ಲ ಘರ್ಷಣೆಯ ಶಾಖ ಡ್ರಮ್ಮಿನಿಂದ ದ್ರವಕ್ಕೆ ಏರಿತು, ದ್ರವ ಕುದಿಯಿತು, ಆವಿಯ ಗುಳ್ಳೆಗಳಾದವು. ಅನಿಲವನ್ನು ಹಿಂಡಬಹುದಲ್ಲವೇ? ನನ್ನ ಕಾಲಿನ ಬಲವೆಲ್ಲ ಗುಳ್ಳೆಗಳನ್ನು ಹಿಂಡುವುದರಲ್ಲೇ ಖರ್ಚಾಯಿತು. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಯಿತು, ಪೆಡಲು ಗಟ್ಟಿಯಾಯಿತು. ಆದ್ದರಿಂದ ಮನೆಯ ಮುಂದೆ ನಿಂತ ಕಾರಿನ ಪೆಡಲು ಒತ್ತಿ ‘ಬ್ರೇಕ್ ಸರಿಯಾಗಿದೆ’ ಎನ್ನುವುದು ಪರೀಕ್ಷೆಯೇ ಅಲ್ಲ. ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಪೂರ್ತಿ ಬದಲಿಸಬೇಕು. ರಬ್ಬರಿನ ಬ್ರೇಕ್ ಹೋಸ್‌ಗಳು ಬಿರುಕು ಬಿಟ್ಟಿದ್ದರೆ ಒಂದು ದಿನವೂ ಇಟ್ಟುಕೊಳ್ಳಬಾರದು. ಬೆಟ್ಟ ಇಳಿಯುವಾಗ, ಹತ್ತಲು ಬೇಕಾದ ಗೇರಿನಲ್ಲೇ ಇಳಿಯಬೇಕು. ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ.

ಎರಡು ಪಟ್ಟಿಗಳು

ಆ ದಿನದ ನಂತರ ನಾನು ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿದೆ. ಈ ಹವ್ಯಾಸದ ಸಾರವೆಲ್ಲ ಆ ಎರಡು ಪಟ್ಟಿಗಳಲ್ಲಿದೆ ಎಂದು ಈಗಲೂ ನಂಬಿದ್ದೇನೆ.

ಮೊದಲನೆಯದು, ಸವೆಯಲೆಂದೇ ಇರುವ ವಸ್ತುಗಳು: ಬ್ರೇಕ್ ದ್ರವ, ಹೋಸ್‌ಗಳು, ಟೈರು, ಫ್ಯಾನ್ ಬೆಲ್ಟ್, ಪೆಟ್ರೋಲ್ ಪೈಪು, ಆಯಿಲ್, ಒಣಗಿದ ವೈರಿಂಗ್. ಇವುಗಳನ್ನು ತಯಾರಿಸಿದವರೇ ಬದಲಿಸುವುದಕ್ಕೆಂದು ಮಾಡಿದ್ದಾರೆ. ಇವುಗಳಲ್ಲಿ ಜಿಪುಣತನ ಮಾಡಿದರೆ ಪ್ರಾಣಕ್ಕೇ ಸಂಚಕಾರ.

ಎರಡನೆಯದು, ಸಾಕ್ಷಿ ಹೇಳುವ ವಸ್ತುಗಳು: ಕಾರ್ಖಾನೆಯಲ್ಲಿ ಹೊಡೆದ ಮೂಲ ಬಣ್ಣ, ಮೀಟರು, ಸೀಟಿನ ಬಟ್ಟೆ, ಗಾಜಿನ ಮೇಲಿನ ಗುರುತು, ಚಾಸಿಸ್ ಮತ್ತು ಎಂಜಿನ್ ನಂಬರಿನ ಫಲಕಗಳು, ಮಾಲೀಕರ ಬರಹ. ಇವು ಒಮ್ಮೆ ಹೋದರೆ ಯಾವ ಹಣಕ್ಕೂ ಮರಳಿ ಬರುವುದಿಲ್ಲ. ಹೊಸದಾಗಿ ಬಣ್ಣ ಹೊಡೆಸುವುದು ಹತ್ತು ಸಲ ಸಾಧ್ಯ, ಆದರೆ ಕಾರಿಗೆ ಮೂಲ ಬಣ್ಣ ಇರುವುದು ಒಂದೇ ಸಲ.

ನಾನು ಮಾಡಿದ್ದು ಸರಿಯಾಗಿ ತಿರುಗುಮುರುಗು. ಬದಲಿಸಬೇಕಾದ್ದನ್ನು ಉಳಿಸಿಕೊಂಡೆ, ಉಳಿಸಿಕೊಳ್ಳಬೇಕಾದ್ದನ್ನು ಬದಲಿಸಿದೆ.

ಪ್ರಪಂಚದ ಹಳೆಯ ವಾಹನ ಸಂಘಗಳ ಒಕ್ಕೂಟವಾದ ‘ಫೀವಾ’ 1966ರಿಂದ ಕೆಲಸ ಮಾಡುತ್ತಿದೆ. ಅದು 2012ರಲ್ಲಿ ಅಂಗೀಕರಿಸಿದ ‘ಟ್ಯೂರಿನ್ ಸನ್ನದು’ ಇದೇ ವಿವೇಕವನ್ನು ನಿಯಮದ ರೂಪದಲ್ಲಿ ಹೇಳುತ್ತದೆ. ಹಳೆಯ ದೇವಸ್ಥಾನಗಳನ್ನೂ ಶಿಲ್ಪಗಳನ್ನೂ ಕಾಪಾಡುವವರ ರೀತಿಯಲ್ಲಿಯೇ ವಾಹನವನ್ನೂ ಕಾಣಬೇಕು. ಇರುವುದನ್ನು ಇರುವಂತೆ ಕಾಪಾಡುವುದಕ್ಕೆ ಮೊದಲ ಸ್ಥಾನ, ಅದು ಸಾಧ್ಯವಾಗದಲ್ಲಿ ಮಾತ್ರ ಪುನರ್ನಿರ್ಮಾಣ. ಮಾಡಿದ ಪ್ರತಿಯೊಂದು ಕೆಲಸವನ್ನೂ ದಾಖಲಿಸಬೇಕು. ಸುರಕ್ಷತೆಗಾಗಿ ಏನಾದರೂ ಸೇರಿಸಿದರೆ, ಮುಂದೆ ಬೇಕೆಂದಾಗ ಮೂಲಕ್ಕೆ ಹಾನಿಯಾಗದಂತೆ ತೆಗೆಯಲು ಬರಬೇಕು. ಅಜಂತಾದ ಚಿತ್ರ ಮಸುಕಾಗಿದೆ ಎಂದು ಯಾರಾದರೂ ಅದರ ಮೇಲೆ ಎನಾಮಲ್ ಬಳಿಯುತ್ತಾರೆಯೇ?

ತುಕ್ಕು ಎಂಬ ಶತ್ರು

ಹಾಗಾದರೆ ಕಾರನ್ನು ಇದ್ದ ಹಾಗೆಯೇ ಬಿಟ್ಟುಬಿಡಬೇಕೇ? ಖಂಡಿತ ಇಲ್ಲ. ಇರುವುದನ್ನು ತಿನ್ನುತ್ತಿರುವ ಶತ್ರುವನ್ನು ತಡೆಯಲೇಬೇಕು. ಆ ಶತ್ರುವಿನ ಹೆಸರು ತುಕ್ಕು. ಕಬ್ಬಿಣ, ಆಮ್ಲಜನಕ, ನೀರು, ಈ ಮೂರೂ ಕೂಡಿದಾಗ ತುಕ್ಕು ಹುಟ್ಟುತ್ತದೆ. ಒಂದನ್ನು ದೂರ ಇಟ್ಟರೂ ಅದು ನಿಲ್ಲುತ್ತದೆ. ಅಲ್ಯೂಮಿನಿಯಮ್ಮಿನ ಆಕ್ಸೈಡು ಲೋಹಕ್ಕೆ ಅಂಟಿಕೊಂಡು ಕವಚವಾಗುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಉಬ್ಬಿ, ಪದರ ಪದರವಾಗಿ ಉದುರಿ, ಒಳಗಿನ ಹೊಸ ಕಬ್ಬಿಣವನ್ನು ಗಾಳಿಗೆ ಒಡ್ಡುತ್ತದೆ. ಬಣ್ಣದ ಕೆಳಗೆ ಗುಳ್ಳೆ ಕಂಡರೆ ತುಕ್ಕು ಒಳಗಿನಿಂದ ಹೊರಗೆ ಬರುತ್ತಿದೆ ಎಂದೇ ತಿಳಿಯಿರಿ.

ನೀರು ನಿಲ್ಲುವ ಜಾಗಗಳನ್ನು ಹುಡುಕುವುದು ಮೊದಲ ಕೆಲಸ. ಪ್ರತಿ ಬಾಗಿಲಿನ ಕೆಳ ಅಂಚಿನಲ್ಲಿ ಸಣ್ಣ ರಂಧ್ರಗಳಿರುತ್ತವೆ. ಕಿಟಕಿಯ ಗಾಜಿನ ಪಕ್ಕದಿಂದ ಒಳಗಿಳಿದ ಮಳೆನೀರು ಹೊರಹೋಗಲು ಇರುವ ದಾರಿ ಅದು. ಎಲೆ, ಮಣ್ಣು ತುಂಬಿ ಅದು ಮುಚ್ಚಿದರೆ ಬಾಗಿಲೇ ಒಂದು ತೊಟ್ಟಿಯಾಗುತ್ತದೆ. ಒಂದು ತೆಳು ಕಡ್ಡಿಯಿಂದ ವರ್ಷಕ್ಕೆರಡು ಸಲ ಈ ರಂಧ್ರಗಳನ್ನು ಬಿಡಿಸಿದರೆ ಸಾಕು, ಬಾಗಿಲಿನ ಆಯುಸ್ಸು ಎಷ್ಟೋ ವರ್ಷ ಹೆಚ್ಚುತ್ತದೆ. ನೆಲದ ಮ್ಯಾಟಿನ ಕೆಳಗೂ ಹೀಗೆಯೇ ತೇವ ಅಡಗಿರುತ್ತದೆ.

ಕಾರು ಕೊಳ್ಳಲು ಹೋದಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಉಕ್ಕಿನ ತಗಡಿದ್ದಲ್ಲಿ ಅದು ಹಿಡಿಯುತ್ತದೆ. ದಪ್ಪ ಪುಟ್ಟಿ ತುಂಬಿದಲ್ಲಿ ಜಾರುತ್ತದೆ. ಹೊಳೆಯುವ ಬಣ್ಣದ ಹಿಂದೆ ಏನಿದೆ ಎಂಬುದನ್ನು ಈ ಸಣ್ಣ ಅಯಸ್ಕಾಂತ ಸುಳ್ಳಿಲ್ಲದೆ ಹೇಳುತ್ತದೆ.

ತುಕ್ಕು ಹಿಡಿದ ಸಣ್ಣ ಭಾಗಗಳನ್ನು ಬಿಡಿಸಲು ವಿದ್ಯುದ್ವಿಭಜನೆಯ ಒಂದು ವಿಧಾನವುಂಟು. ನಿಮ್ಮ ರಸಾಯನಶಾಸ್ತ್ರದ ಅಧ್ಯಾಪಕರ ಎದುರಿನಲ್ಲಿ ಇದನ್ನು ಮಾಡಿ ನೋಡಬಹುದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ. ತುಕ್ಕು ಹಿಡಿದ ವಸ್ತುವನ್ನು ಬ್ಯಾಟರಿ ಚಾರ್ಜರಿನ ಋಣ ತುದಿಗೂ, ಬೇಡವಾದ ಒಂದು ಸಾದಾ ಕಬ್ಬಿಣದ ತಗಡನ್ನು ಧನ ತುದಿಗೂ ಜೋಡಿಸಿ, ಎರಡೂ ಒಂದಕ್ಕೊಂದು ತಾಗದಂತೆ ನೀರಿನಲ್ಲಿ ಇಳಿಬಿಡಿ. ಆಮೇಲೆ ಚಾರ್ಜರ್ ಹಾಕಿ. ಕೆಲವು ಗಂಟೆಗಳಲ್ಲಿ ತುಕ್ಕು ಸಡಿಲವಾಗಿ, ಬ್ರಷ್ಷಿಗೆ ಉದುರುತ್ತದೆ. ಒಳ್ಳೆಯ ಲೋಹ ಹಾಗೆಯೇ ಉಳಿಯುತ್ತದೆ.

ಎಚ್ಚರಿಕೆಗಳು ಹಲವು. ಇಲ್ಲಿ ಜಲಜನಕ ಹೊರಬರುತ್ತದೆ, ಆದ್ದರಿಂದ ಬಯಲಿನಲ್ಲೇ ಮಾಡಬೇಕು, ಹತ್ತಿರ ಬೆಂಕಿ ಕೂಡದು. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಲೇಬಾರದು, ಅದರಲ್ಲಿರುವ ಕ್ರೋಮಿಯಮ್ ವಿಷಕಾರಿ ಸಂಯುಕ್ತಗಳಾಗಿ ನೀರಿಗೆ ಸೇರುತ್ತದೆ. ಕರೆಂಟು ಆರಿಸದೆ ಕೈ ಹಾಕಬಾರದು. ಸ್ಪ್ರಿಂಗು, ಸ್ಟೀರಿಂಗ್ ಬೋಲ್ಟು ಮುಂತಾದ ಬಲವಾದ ಉಕ್ಕಿನ ಭಾಗಗಳಿಗೆ ಈ ವಿಧಾನ ಬೇಡ. ಜಲಜನಕ ಹೊಕ್ಕು ಅವು ಪೆಡಸಾಗಬಹುದು.

ಬದಲಾದ ಪೆಟ್ರೋಲು

ತುಕ್ಕು ಕಾರನ್ನು ಹೊರಗಿನಿಂದ ತಿಂದರೆ, ಇಂಧನ ಒಳಗಿನಿಂದ ತೊಂದರೆ ಕೊಡಬಲ್ಲದು. ಹಳೆಯ ಕಾರು ಬದಲಾಗದೆ ನಿಂತಿದ್ದರೂ ಪೆಟ್ರೋಲ್ ಬಂಕಿನಲ್ಲಿ ಸಿಗುವ ಪೆಟ್ರೋಲು ಎರಡು ಸಲ ಬದಲಾಗಿದೆ.

ಮೊದಲ ಬದಲಾವಣೆ ಸೀಸದ್ದು. ಎಂಜಿನ್ ಬಡಿತವನ್ನು ತಡೆಯಲು ಟೆಟ್ರಾ ಈಥೈಲ್ ಸೀಸ ಉಪಯುಕ್ತವೆಂದು ಅಮೆರಿಕದ ಥಾಮಸ್ ಮಿಜ್ಲಿ 1921ರಲ್ಲಿ ಕಂಡುಹಿಡಿದರು. ಆದರೆ ಸೀಸ ಮಕ್ಕಳ ಮಿದುಳಿಗೆ ವಿಷ. ಭಾರತದಲ್ಲಿ 2000ದ ಫೆಬ್ರವರಿಯಿಂದ ಸೀಸದ ಪೆಟ್ರೋಲಿನ ಮಾರಾಟ ನಿಂತಿತು. ಇದು ಒಳ್ಳೆಯದೇ ಆಯಿತು. ಬೀಡುಕಬ್ಬಿಣದ ಹೆಡ್ ಇರುವ ಅನೇಕ ಹಳೆಯ ಎಂಜಿನ್ನುಗಳಲ್ಲಿ ವಾಲ್ವು ಕೂರುವ ಜಾಗಕ್ಕೆ ಸೀಸದ ತೆಳು ಲೇಪ ರಕ್ಷಣೆಯಾಗಿತ್ತು. ಅದಿಲ್ಲದೆ ಆ ಜಾಗ ಬೇಗ ಸವೆಯಬಹುದು. ಹೆಡ್ ಬಿಚ್ಚಿದಾಗ ಗಟ್ಟಿ ಉಕ್ಕಿನ ಸೀಟುಗಳನ್ನು ಲೇತ್ ಕೆಲಸದವರಿಂದ ಕೂರಿಸಿಕೊಳ್ಳುವುದು ಇದಕ್ಕೆ ಪರಿಹಾರ.

ಎರಡನೆಯದು ಎಥನಾಲ್. 2025ರ ಹೊತ್ತಿಗೆ ನಮ್ಮ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಹಂತ ತಲುಪಿದೆವು. ಇಲ್ಲೊಂದು ಲೆಕ್ಕ. ಪೆಟ್ರೋಲು ಪೂರ್ತಿ ಉರಿಯಲು ತನ್ನ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು, ಎಥನಾಲಿಗೆ ಸುಮಾರು 9 ಪಟ್ಟು ಸಾಕು. ಹೊಸ ಕಾರಿನಲ್ಲಿ ಸೆನ್ಸರುಗಳು ಈ ಪ್ರಮಾಣವನ್ನು ತಾವೇ ಸರಿಮಾಡಿಕೊಳ್ಳುತ್ತವೆ. ಹಳೆಯ ಕಾರ್ಬೊರೇಟರಿಗೆ ಆ ಬುದ್ಧಿ ಇಲ್ಲ, ಅದರ ಜೆಟ್ಟಿನ ತೂತು ಶುದ್ಧ ಪೆಟ್ರೋಲಿಗೆಂದು ಕೊರೆದದ್ದು. ಹೀಗಾಗಿ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಎಂಜಿನ್ ತಡವರಿಸಬಹುದು. ಇದಲ್ಲದೆ ಎಥನಾಲ್ ನೀರನ್ನು ಸೆಳೆದುಕೊಳ್ಳುತ್ತದೆ, ಹಳೆಯ ಜಾತಿಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಜಿನುಗಿದರೆ ಏನಾದೀತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಎಥನಾಲ್ ತಾಳುವ ಪೈಪುಗಳನ್ನು ಹಾಕಿಸುವುದು, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲು ನಿಲ್ಲಿಸದಿರುವುದು, ಮೇಸ್ತ್ರಿಯ ಸಲಹೆಯಂತೆ ಜೆಟ್ ಸರಿಪಡಿಸುವುದು, ಇವು ಇಂದು ಹವ್ಯಾಸಿಯ ಅಗತ್ಯ ಕೆಲಸಗಳು. ಇವೆಲ್ಲ ನಮ್ಮ ಮೊದಲ ಪಟ್ಟಿಗೆ ಸೇರಿದವು.

‘ಹಳೆಯ ಕಾರು ಹೊಗೆ ಉಗುಳುವುದಿಲ್ಲವೇ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಅದರಲ್ಲಿಲ್ಲ. ಹೊಸ ಕಾರಿಗಿಂತ ಕಿಲೋಮೀಟರಿಗೆ ಹೆಚ್ಚು ಮಾಲಿನ್ಯವನ್ನೇ ಅದು ಮಾಡುತ್ತದೆ. ಆದ್ದರಿಂದಲೇ ಅದು ದಿನನಿತ್ಯದ ವಾಹನವಾಗಬಾರದು, ತಿಂಗಳಿಗೆ ಒಂದೆರಡು ಸಲ ಓಡಿದರೆ ಸಾಕು.

ನಿಂತ ಕಾರಿನ ಆರೈಕೆ

ಹೀಗೆ ಕಡಿಮೆ ಓಡುವ ಕಾರಿಗೆ ಬೇರೆ ರೀತಿಯ ಆರೈಕೆ ಬೇಕು. ಬ್ಯಾಟರಿ ತಾನಾಗಿಯೇ ಇಳಿಯುತ್ತದೆ. ವಿಶ್ರಾಂತಿಯಲ್ಲಿರುವ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಪೂರ್ಣ, 12ರ ಹತ್ತಿರ ಬಂದರೆ ಬಹುತೇಕ ಖಾಲಿ. ಖಾಲಿಯಾಗಿಯೇ ಬಿಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿ ಕೆಡುತ್ತದೆ. ಬಿಚ್ಚುವಾಗ ಯಾವಾಗಲೂ ಅರ್ಥ್ ತುದಿಯನ್ನು ಮೊದಲು ಬಿಚ್ಚಬೇಕು.

ಟೈರಿನ ಕಚ್ಚು ಸವೆಯದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಅದರ ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು ಎಂದರ್ಥ. ಹತ್ತು ವರ್ಷ ದಾಟಿದ ಟೈರನ್ನು ನಂಬಬೇಡಿ. ಕಾರಿಗೆ ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೆ ಬೆವರು ಕಟ್ಟಿ ತುಕ್ಕಿಗೆ ಹಬ್ಬವಾಗುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ ಒಳ್ಳೆಯದು.

ಎಂಜಿನ್ ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೆ ಆರಿಸುವುದೂ ತಪ್ಪು. ಪೆಟ್ರೋಲು ಉರಿದಾಗ ನೀರಾವಿ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗದಿದ್ದರೆ ಆ ನೀರು ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ಉಳಿಯುತ್ತದೆ. ಓಡಿಸಿದರೆ ಅರ್ಧ ಗಂಟೆಯಾದರೂ ಓಡಿಸಿ.

ನೀವು ಏನು ಮಾಡಬಹುದು?

‘ನಮ್ಮ ಬಳಿ ಕಾರೇ ಇಲ್ಲವಲ್ಲ!’ ಎನ್ನಬೇಡಿ. ತಾತನ ಸೈಕಲ್ಲು, ಅಜ್ಜಿಯ ಹೊಲಿಗೆ ಯಂತ್ರ, ಅಟ್ಟದ ಮೇಲಿನ ಟೇಬಲ್ ಫ್ಯಾನು, ಯಾವುದರಿಂದ ಬೇಕಾದರೂ ಈ ವಿದ್ಯೆ ಶುರುವಾಗುತ್ತದೆ. ಬಿಚ್ಚುವ ಮುನ್ನ ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಿ. ಒಂದು ನೋಟ್ ಬುಕ್ಕಿನಲ್ಲಿ ತಾರೀಖು ಹಾಕಿ ಮಾಡಿದ್ದನ್ನೆಲ್ಲ ಬರೆಯಿರಿ. ತೆಗೆದ ಹಳೆಯ ಭಾಗವನ್ನು ತಕ್ಷಣ ಎಸೆಯಬೇಡಿ. ‘ಇದು ಯಾವ ಪಟ್ಟಿಗೆ ಸೇರಿದ್ದು?’ ಎಂದು ಮೊದಲು ಕೇಳಿಕೊಳ್ಳಿ.

ಒಳ್ಳೆಯ ಕಾರುಗಳನ್ನು ಹತ್ತಿರದಿಂದ ನೋಡಬೇಕೆಂದರೆ ಧರ್ಮಸ್ಥಳದ ಕಾರು ಸಂಗ್ರಹಾಲಯವಿದೆ. ಅಲ್ಲಿ ಬರಿಯ ಹೊಳಪನ್ನು ನೋಡಿ ಬರಬೇಡಿ. ಬಗ್ಗಿ ನೋಡಿ, ಯಾವ ಭಾಗ ಮೂಲದ್ದು, ಯಾವುದು ಆಮೇಲೆ ಬಂದದ್ದು ಎಂದು ಊಹಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳ ಸಾಲಿನಲ್ಲಿ ಒಂದು ಮಧ್ಯಾಹ್ನ ಸುತ್ತಿದರೂ ಅದೊಂದು ಪಾಠವೇ.

ಎಲ್ಲಕ್ಕಿಂತ ಮುಖ್ಯವಾಗಿ ನಿಮ್ಮ ಊರಿನ ಹಿರಿಯ ಮೇಸ್ತ್ರಿಗಳ ಬಳಿ ಹೋಗಿ. ಕಿವಿಗೆ ಸ್ಕ್ರೂ ಡ್ರೈವರ್ ಹಿಡಿಯನ್ನು ಆನಿಸಿ, ಅದರ ತುದಿಯನ್ನು ಎಂಜಿನ್ನಿಗೆ ತಾಗಿಸಿ ಯಾವ ವಾಲ್ವು ಸದ್ದು ಮಾಡುತ್ತಿದೆ ಎಂದು ಹೇಳಬಲ್ಲವರು ಅವರು. ಕಾರ್ಬೊರೇಟರ್, ಪಾಯಿಂಟ್ ಸೆಟ್ ಮಾಡುವ ಆ ವಿದ್ಯೆಯ ಬಹುಪಾಲು ಯಾವ ಪುಸ್ತಕದಲ್ಲೂ ಇಲ್ಲ. ಅವರ ಶಿಷ್ಯರೆಲ್ಲ ಕಂಪ್ಯೂಟರ್ ಜೋಡಿಸಿ ದೋಷ ಹುಡುಕುವ ಹೊಸ ಕಾರುಗಳತ್ತ ಹೋಗಿದ್ದಾರೆ. ಅವರನ್ನು ಮಾತನಾಡಿಸಿ, ಕೇಳಿ, ಬರೆದುಕೊಳ್ಳಿ. ಎರಡನೆಯ ಪಟ್ಟಿಯಲ್ಲಿ ನಾನು ಸೇರಿಸಲು ಮರೆತಿದ್ದದ್ದು ಇದನ್ನೇ.

ಕೆಲಸ ಮಾಡುವಾಗ ಮೂರು ನಿಯಮ ಮೀರಬೇಡಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ನುಗ್ಗಬೇಡಿ, ಭದ್ರವಾದ ಸ್ಟ್ಯಾಂಡ್ ಕೊಟ್ಟಿರಬೇಕು. ಹಳೆಯ ಬ್ರೇಕ್ ಡ್ರಮ್ಮಿನ ಧೂಳನ್ನು ಬಾಯಿಂದಲೋ ಗಾಳಿಯಿಂದಲೋ ಊದಬೇಡಿ. ಅದರಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದು, ಒದ್ದೆ ಬಟ್ಟೆಯಿಂದ ಒರೆಸಿ. ಪೆಟ್ರೋಲಿನ ಕೆಲಸವಿದ್ದಲ್ಲಿ ಹಿರಿಯರೊಬ್ಬರು ಜೊತೆಗಿರಲಿ.

ನಮ್ಮ ಡಿಲೈಟ್ ಈಗಲೂ ಇದೆ. ಬ್ರೇಕ್ ಹೋಸ್, ಸಿಲಿಂಡರಿನ ರಬ್ಬರುಗಳು, ದ್ರವ ಎಲ್ಲ ಹೊಸದು. ಹಳೆಯ ಮೀಟರನ್ನು ಬಣ್ಣದ ಕೆಲಸದವರ ಶೆಡ್ಡಿನ ಮೂಲೆಯಿಂದ ಹುಡುಕಿ ತಂದು ಮತ್ತೆ ಕೂರಿಸಿದೆ. ಬಾಗಿಲಿನ ಒಳಪಟ್ಟಿಯ ಹಿಂದೆ ಕೈಯಗಲದಷ್ಟು ಮೂಲ ಬೂದುಬಣ್ಣ ಉಳಿದಿತ್ತು. ಅದನ್ನು ಹಾಗೆಯೇ ಬಿಟ್ಟು, ಅದಕ್ಕೆ ಹೊಂದುವ ಬಣ್ಣ ಕಲಸಿಸಿ ಇಡೀ ಕಾರಿಗೆ ಹೊಡೆಸಿದೆ. ಡಿಕ್ಕಿ ಮುಚ್ಚಳದ ಒಳಗಿನ ಅಪ್ಪನ ಬರಹ ಮಾತ್ರ ಮರಳಲಿಲ್ಲ. ಆಯಿಲ್ ಬದಲಿಸಿದಾಗಲೆಲ್ಲ ನಾನು ಅದೇ ಜಾಗದಲ್ಲಿ ಬಿಳಿ ಬಣ್ಣದಲ್ಲಿ ತಾರೀಖು ಬರೆಯುತ್ತೇನೆ. ಮುಂದೆ ಯಾರಾದರೂ ಆ ಕಾರನ್ನು ದುರಸ್ತಿ ಮಾಡಲು ಹೊರಟರೆ, ಉಜ್ಜುವ ಕಾಗದ ಕೈಗೆತ್ತಿಕೊಳ್ಳುವ ಮುನ್ನ ಅದನ್ನೊಮ್ಮೆ ಓದಲಿ ಎಂಬುದು ನನ್ನ ಆಸೆ. ಅದು ನಿಮ್ಮಲ್ಲೇ ಒಬ್ಬರಾಗಬಹುದು.